ಬಾಹ್ಯಾಕಾಶದಲ್ಲಿ ಬದುಕುಳಿಯುವ ಕಥೆಗಳು

ಭೂಮಿಯಿಂದ ದೂರದಲ್ಲಿ, ಗಾಳಿ, ನೀರು, ಶಾಖ ಯಾವುದೂ ತಾನಾಗಿ ಸಿಗದ ಕಡೆ ಸಿಕ್ಕಿಬಿದ್ದವರು ಕೈಯಲ್ಲಿರುವ ಸಾಮಾನು ಮತ್ತು ತಲೆಯಲ್ಲಿರುವ ತಿಳಿವಳಿಕೆಯಿಂದಲೇ ಜೀವ ಉಳಿಸಿಕೊಳ್ಳಲು ಹೆಣಗುವ ಕಥನಗಳು. ಇದು ವಿಜ್ಞಾನ ಕಥಾಸಾಹಿತ್ಯದ ಒಂದು ಕವಲು. ಸಿನಿಮಾದಲ್ಲೂ ಬೇರು ಬಿಟ್ಟಿದೆ. ಈ ಕಥೆಗಳಲ್ಲಿ ಸಾಮಾನ್ಯವಾಗಿ ಖಳನಾಯಕನಿರುವುದಿಲ್ಲ. ಎದುರಾಳಿಯ ಜಾಗದಲ್ಲಿ ನಿಲ್ಲುವುದು ಭೌತಶಾಸ್ತ್ರದ ನಿಯಮಗಳು. ಅವಕ್ಕೆ ದ್ವೇಷವೂ ಇಲ್ಲ, ಕರುಣೆಯೂ ಇಲ್ಲ. ಸಂಕಟದಿಂದ ಪಾರಾಗುವ ದಾರಿ ಲೇಖಕನ ಮರ್ಜಿಯಿಂದ ಹುಟ್ಟದೆ ರಸಾಯನಶಾಸ್ತ್ರ, ಯಂತ್ರಶಾಸ್ತ್ರ, ಕಕ್ಷೆಯ ಗಣಿತ ಇವುಗಳಿಂದ ಹುಟ್ಟಬೇಕು ಎಂಬುದು ಇಲ್ಲಿನ ಒಪ್ಪಂದ. ಈ ಒಪ್ಪಂದ ಎಷ್ಟು ಪ್ರಾಮಾಣಿಕವಾಗಿದೆ ಎಂಬುದರ ಮೇಲೆ ಕಥೆಯ ರುಚಿ ನಿಂತಿದೆ.

ಹಿನ್ನೆಲೆ

ಡೇನಿಯಲ್ ಡಿಫೋ 1719ರಲ್ಲಿ ಪ್ರಕಟಿಸಿದ ರಾಬಿನ್ಸನ್ ಕ್ರೂಸೋ ಈ ಕವಲಿನ ಮೂಲಪುರುಷ. ಒಡೆದ ಹಡಗಿನಿಂದ ಕ್ರೂಸೋ ಏನೇನು ಹೊತ್ತು ತಂದ ಎಂಬ ಪಟ್ಟಿಯನ್ನು ಓದುಗರು ಮೂರು ಶತಮಾನಗಳಿಂದ ಆಸಕ್ತಿಯಿಂದ ಓದುತ್ತ ಬಂದಿದ್ದಾರೆ. ಆದರೆ ಕ್ರೂಸೋನ ದ್ವೀಪದಲ್ಲಿ ಉಸಿರಾಡುವ ಗಾಳಿ ಪುಕ್ಕಟೆ. ಅದಕ್ಕೂ ಲೆಕ್ಕ ಇಡಬೇಕಾದ ಸ್ಥಿತಿಯನ್ನು ಮೊದಲು ಗಂಭೀರವಾಗಿ ಯೋಚಿಸಿದವರಲ್ಲಿ ಫ್ರಾನ್ಸಿನ ಜೂಲ್ಸ್ ವರ್ನ್ ಮುಖ್ಯ. ಚಂದ್ರನತ್ತ ಹಾರುವ ತನ್ನ ಮೂವರು ಪ್ರಯಾಣಿಕರಿಗೆ ಅವನು ಪೊಟ್ಯಾಸಿಯಂ ಕ್ಲೋರೇಟ್ ಕಾಯಿಸಿ ಆಮ್ಲಜನಕ ಪಡೆಯುವ ಏರ್ಪಾಟನ್ನೂ, ಉಸಿರಿನಿಂದ ಹೊರಬಂದ ಇಂಗಾಲದ ಡೈಆಕ್ಸೈಡನ್ನು ಹೀರಲು ಕಾಸ್ಟಿಕ್ ಪೊಟ್ಯಾಶನ್ನೂ ಒದಗಿಸಿದ. 1865ರ ಸುಮಾರಿಗೆ ಇಂಥ ವಿವರ ಕಾದಂಬರಿಯೊಂದರಲ್ಲಿ ಬಂದದ್ದು ಸಣ್ಣ ಸಂಗತಿಯಲ್ಲ. ಬಾಹ್ಯಾಕಾಶಕ್ಕೆ ಸಂಬಂಧವೇ ಇಲ್ಲದ ಅವನ ಇನ್ನೊಂದು ಕಾದಂಬರಿ, 1874–75ರ ನಿಗೂಢ ದ್ವೀಪ, ಈ ಪ್ರಕಾರಕ್ಕೆ ಇನ್ನೂ ಹತ್ತಿರದ್ದು. ಅದರಲ್ಲಿ ಎಂಜಿನಿಯರ್ ಸೈರಸ್ ಸ್ಮಿತ್ ಎರಡು ಗಡಿಯಾರಗಳ ಗಾಜುಗಳ ನಡುವೆ ನೀರು ತುಂಬಿ ಮಸೂರ ಮಾಡಿ ಬೆಂಕಿ ಹೊತ್ತಿಸುತ್ತಾನೆ. ಹುಡುಗನೊಬ್ಬನ ಕೋಟಿನ ಒಳಪದರದಲ್ಲಿ ಸಿಕ್ಕ ಒಂದೇ ಒಂದು ಗೋಧಿ ಕಾಳಿನಿಂದ ಹೊಲ ಮಾಡುವ ಲೆಕ್ಕವೂ ಅಲ್ಲಿದೆ. ಮುಂದೆ ದಿ ಮಾರ್ಷಿಯನ್ ಕಾದಂಬರಿಯಲ್ಲಿ ಮಂಗಳನ ಮೇಲೆ ಬೆಳೆದ ಆಲೂಗಡ್ಡೆಯ ನೇರ ಪೂರ್ವಜ ಆ ಗೋಧಿ ಕಾಳು.

ಇಪ್ಪತ್ತನೆಯ ಶತಮಾನದ ಅಮೆರಿಕದ ಅಗ್ಗದ ಕಥಾಪತ್ರಿಕೆಗಳು ಈ ಬೀಜವನ್ನು ಆಕಾಶಕ್ಕೆ ಒಯ್ದವು. ಐಸಾಕ್ ಅಸಿಮೋವ್‌ನ ಅಚ್ಚಾದ ಮೊದಲ ಕಥೆ, 1939ರ ಮಾರ್ಚ್‌ನಲ್ಲಿ ಅಮೇಜಿಂಗ್ ಸ್ಟೋರೀಸ್‌ನಲ್ಲಿ ಬಂದದ್ದು, ಇದೇ ಬಗೆಯದು. ಆಗ ಅವನಿಗೆ 19 ವರ್ಷ. ವೆಸ್ಟಾ ಎಂಬ ಕ್ಷುದ್ರಗ್ರಹವನ್ನು ಸುತ್ತುತ್ತಿರುವ ಒಡೆದ ನೌಕೆಯ ತುಣುಕಿನಲ್ಲಿ ಮೂವರಿದ್ದಾರೆ. ಗಾಳಿ ಮೂರು ದಿನಕ್ಕಾಗುವಷ್ಟು, ಊಟ ಒಂದು ವಾರಕ್ಕೆ, ನೀರು ಮಾತ್ರ ಒಂದು ವರ್ಷಕ್ಕೆ ಸಾಲುವಷ್ಟು. ಬೇಡದಷ್ಟಿರುವ ಆ ನೀರೇ ಪಾರುಮಾಡುತ್ತದೆ: ತೊಟ್ಟಿಗೆ ತೂತು ಕೊರೆದರೆ ನಿರ್ವಾತಕ್ಕೆ ಚಿಮ್ಮುವ ಆವಿಯ ಒತ್ತಡ ನೌಕೆಯನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಗೊತ್ತಿರುವ ಶಾಲಾ ಬಾಲಕ ಕೂಡ ಈ ಉತ್ತರವನ್ನು ಪಾತ್ರಗಳಿಗಿಂತ ಮೊದಲೇ ಊಹಿಸಬಹುದಿತ್ತು. ಹಾಗೆ ಊಹಿಸಲು ಬೇಕಾದ ಎಲ್ಲವನ್ನೂ ಕಥೆ ಮೊದಲೇ ಮುಂದಿಟ್ಟಿರುತ್ತದೆ.

ಆರ್ಥರ್ ಸಿ. ಕ್ಲಾರ್ಕ್ ಇದನ್ನು ದೊಡ್ಡ ಹಂದರಕ್ಕೆ ಏರಿಸಿದ. ಎ ಫಾಲ್ ಆಫ್ ಮೂನ್‌ಡಸ್ಟ್ (1961) ಕಾದಂಬರಿಯಲ್ಲಿ ಚಂದ್ರನ ಮೇಲಿನ ಧೂಳಿನ ಕಡಲಿನಲ್ಲಿ ಪ್ರವಾಸಿಗರ ವಾಹನವೊಂದು ಮುಳುಗುತ್ತದೆ. ಧೂಳು ಶಾಖವನ್ನು ಹೊರಹೋಗಗೊಡದ ಕಾರಣ ಒಳಗೆ ಸೆಕೆ ಏರುತ್ತದೆ, ಗಾಳಿ ಕೆಡುತ್ತದೆ. ಹುಡುಕುವವರು ಅದೇ ಶಾಖದ ಜಾಡನ್ನು ಅವಕೆಂಪು ಕಿರಣಗಳಲ್ಲಿ ಪತ್ತೆಹಚ್ಚುತ್ತಾರೆ. ಕೊಲ್ಲಲು ಬಂದದ್ದೇ ಗುರುತು ಕೊಡುತ್ತದೆ. 1966ರಲ್ಲಿ ಮಾನವರಹಿತ ಸರ್ವೇಯರ್ ನೌಕೆ ಚಂದ್ರನ ಮೇಲೆ ಗಟ್ಟಿಯಾಗಿ ನಿಂತಾಗ ಅಂಥ ಆಳದ ಧೂಳಿನ ಕಡಲು ಇಲ್ಲವೆಂದು ಬಹುಮಟ್ಟಿಗೆ ಖಚಿತವಾಯಿತು. ಕಾದಂಬರಿ ಹಾಗಾಗಿ ಹಳತಾಗಲಿಲ್ಲ. ಆಧಾರದ ಊಹೆ ತಪ್ಪಿದ್ದರೂ ಆ ಊಹೆಯಿಂದ ಮುಂದೆ ಕ್ಲಾರ್ಕ್ ಎಲ್ಲೂ ಮೋಸ ಮಾಡಿಲ್ಲ.

ಗಾಡ್ವಿನ್‌ನ ಕಥೆ ಎಬ್ಬಿಸಿದ ವಿವಾದ

1954ರ ಆಗಸ್ಟ್‌ನಲ್ಲಿ ಅಸ್ಟೌಂಡಿಂಗ್ ಪತ್ರಿಕೆಯಲ್ಲಿ ಬಂದ ಟಾಮ್ ಗಾಡ್ವಿನ್‌ನ ದಿ ಕೋಲ್ಡ್ ಈಕ್ವೇಶನ್ಸ್ ಇಂದಿಗೂ ಜಗಳ ತಣಿಯದ ಕಥೆ. ದೂರದ ಗ್ರಹವೊಂದಕ್ಕೆ ತುರ್ತು ಔಷಧಿ ಒಯ್ಯುವ ಸಣ್ಣ ನೌಕೆಯಲ್ಲಿ ಅಣ್ಣನನ್ನು ನೋಡುವ ಆಸೆಯಿಂದ ಹದಿನೆಂಟರ ಹುಡುಗಿಯೊಬ್ಬಳು ಅಡಗಿ ಕುಳಿತಿರುತ್ತಾಳೆ. ಇಂಧನ ಚಾಲಕನೊಬ್ಬನ ತೂಕಕ್ಕೆ ಮಾತ್ರ ಅಳೆದು ತುಂಬಿದ್ದು. ಅವಳು ಉಳಿದರೆ ನೌಕೆ ಇಳಿಯಲಾರದು, ಔಷಧಿಗಾಗಿ ಕಾದಿರುವವರೂ ಸಾಯುತ್ತಾರೆ. ಗಾಡ್ವಿನ್ ಹುಡುಗಿಯನ್ನು ಉಳಿಸುವ ಜಾಣ ಉಪಾಯ ಬರೆದು ಕಳಿಸಿದಾಗಲೆಲ್ಲ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಹಸ್ತಪ್ರತಿಯನ್ನು ತಿರುಗಿ ಕಳಿಸಿದ ಎಂಬುದು ಈ ಕಥೆಯ ಚರಿತ್ರೆಯ ಪ್ರಸಿದ್ಧ ಭಾಗ. ಕೊನೆಗೆ ಅವಳು ತಾನಾಗಿಯೇ ಹೊರಬಾಗಿಲಿನತ್ತ ನಡೆಯುತ್ತಾಳೆ.

ಪ್ರಕೃತಿಯ ನಿಯಮ ಕಣ್ಣೀರಿಗೆ ಬಗ್ಗುವುದಿಲ್ಲ ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಕಥೆ ಇನ್ನೊಂದಿಲ್ಲವೆಂದು ಒಂದು ಪಕ್ಷ ಹೊಗಳಿತು. ಇನ್ನೊಂದು ಪಕ್ಷದ ಆಕ್ಷೇಪ ಹೆಚ್ಚು ತೂಕದ್ದು: ಹೆಚ್ಚುವರಿ ಇಂಧನವೇ ಇಲ್ಲದೆ ನೌಕೆ ಹಾರಿಸುವ, ಬಾಗಿಲಿಗೆ ಬೀಗವನ್ನೂ ಹಾಕದ, ಹೊರಡುವ ಮುನ್ನ ಒಳಗೆ ಇಣುಕಿಯೂ ನೋಡದ ವ್ಯವಸ್ಥೆಯನ್ನು ಕಟ್ಟಿದ್ದು ಮನುಷ್ಯರು. ಅವರ ಬೇಜವಾಬ್ದಾರಿಯನ್ನು ಭೌತಶಾಸ್ತ್ರದ ತಲೆಗೆ ಕಟ್ಟಿದ್ದೇ ಕಥೆಯ ಅನ್ಯಾಯ. ಈ ಆಕ್ಷೇಪ ಸರಿಯಾದದ್ದು. ನಿಜವಾದ ಎಂಜಿನಿಯರ್ ಯಾವುದನ್ನೂ ಅಷ್ಟು ಬಿಗಿಯಾಗಿ ಅಳೆಯುವುದಿಲ್ಲ. ಅನಿರೀಕ್ಷಿತಕ್ಕೆ ಜಾಗ ಬಿಡುವುದೇ ಅವನ ವೃತ್ತಿಧರ್ಮ. ಲೇಖಕನಿಗೂ ಇದೇ ಮಾತು. ನಾಯಕನನ್ನು ಉಳಿಸಲು ಎಲ್ಲಿಂದಲೋ ವಸ್ತುವೊಂದನ್ನು ತಂದಿಡುವುದು ಎಷ್ಟು ಮೋಸವೋ, ಕೊಲ್ಲಲೆಂದೇ ಇರಬೇಕಾದದ್ದನ್ನು ಮರೆಮಾಚುವುದೂ ಅಷ್ಟೇ ಮೋಸ. 2021ರ ಸ್ಟೋಅವೇ ಸಿನಿಮಾ ಇದೇ ಬಿಕ್ಕಟ್ಟನ್ನು ಮಂಗಳಕ್ಕೆ ಹೊರಟ ನೌಕೆಗೆ ತಂದಾಗ ಅಕಸ್ಮಾತ್ತಾಗಿ ಒಳಗೆ ಸಿಕ್ಕಿಕೊಂಡವನ ಮೇಲೆ ತಪ್ಪು ಹೊರಿಸಲಿಲ್ಲ. ಗಾಳಿ ಶುದ್ಧಿ ಮಾಡುವ ಉಪಕರಣ ಕೆಟ್ಟಿದ್ದನ್ನು ಕಾರಣವಾಗಿಟ್ಟು, ಒಂದೊಂದೇ ಪರಿಹಾರವನ್ನು ಪ್ರಯತ್ನಿಸಿ ನೋಡಿತು.

ಅಪೊಲೊ 13

ಕಥೆಗಾರರು ಕಲ್ಪಿಸಿದ್ದನ್ನು ಜಗತ್ತು ಕಣ್ಣಾರೆ ಕಂಡದ್ದು 1970ರ ಏಪ್ರಿಲ್‌ನಲ್ಲಿ. ಅದಕ್ಕೆ ಕೆಲವೇ ತಿಂಗಳ ಮುಂಚೆ, 1969ರ ಕೊನೆಯಲ್ಲಿ, ಕಕ್ಷೆಯಲ್ಲಿ ಸಿಕ್ಕಿಕೊಂಡ ಮೂವರು ಗಗನಯಾತ್ರಿಗಳ ಮರೂನ್ಡ್ ಎಂಬ ಸಿನಿಮಾ ತೆರೆಕಂಡಿತ್ತು. ಜಿಮ್ ಲವೆಲ್, ಜಾಕ್ ಸ್ವಿಗರ್ಟ್, ಫ್ರೆಡ್ ಹೇಯ್ಸ್ ಇದ್ದ ಅಪೊಲೊ 13 ನೌಕೆ ಭೂಮಿಯಿಂದ ಸುಮಾರು 3,20,000 ಕಿ.ಮೀ. ದೂರದಲ್ಲಿದ್ದಾಗ ಆಮ್ಲಜನಕದ ಎರಡನೆಯ ತೊಟ್ಟಿ ಸ್ಫೋಟಿಸಿತು. ಆಮ್ಲಜನಕದೊಂದಿಗೆ ವಿದ್ಯುತ್ತೂ ನೀರೂ ಹೋದವು, ಏಕೆಂದರೆ ಇಂಧನಕೋಶಗಳು ಅದೇ ಆಮ್ಲಜನಕದಿಂದ ಎರಡನ್ನೂ ತಯಾರಿಸುತ್ತಿದ್ದವು. ಮೂವರೂ ಚಂದ್ರನ ಮೇಲೆ ಇಳಿಯಲೆಂದು ಒಯ್ಯುತ್ತಿದ್ದ ಅಕ್ವೇರಿಯಸ್ ನೌಕೆಗೆ ದಾಟಿದರು. ಇಬ್ಬರಿಗೆ ಸುಮಾರು 45 ಗಂಟೆಗೆಂದು ಕಟ್ಟಿದ್ದ ಅದು ಮೂವರನ್ನು ಅದರ ಎರಡರಷ್ಟು ಹೊತ್ತು ಕಾಪಾಡಬೇಕಾಯಿತು.

ಅಲ್ಲಿ ಆಮ್ಲಜನಕಕ್ಕೆ ಕೊರತೆಯಿರಲಿಲ್ಲ. ಅಪಾಯ ಬಂದದ್ದು ಬಿಟ್ಟ ಉಸಿರಿನಿಂದ. ಇಂಗಾಲದ ಡೈಆಕ್ಸೈಡನ್ನು ಹೀರುವ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳು ಅಕ್ವೇರಿಯಸ್‌ನಲ್ಲಿ ದುಂಡಗಿನವು, ಮುಖ್ಯ ನೌಕೆಯಲ್ಲಿ ಚೌಕದವು. ಚೌಕದ ಡಬ್ಬಿಗಳು ಬೇಕಾದಷ್ಟಿದ್ದವು, ಆದರೆ ದುಂಡು ತೂತಿಗೆ ಕೂರುತ್ತಿರಲಿಲ್ಲ. ಹ್ಯೂಸ್ಟನ್‌ನಲ್ಲಿ ನಾಸಾದ ಎಂಜಿನಿಯರ್ ಎಡ್ ಸ್ಮೈಲಿಯ ತಂಡ ನೌಕೆಯೊಳಗೆ ಇರುವ ವಸ್ತುಗಳನ್ನಷ್ಟೇ ಮುಂದಿಟ್ಟುಕೊಂಡು ಕೂತಿತು: ಪ್ಲಾಸ್ಟಿಕ್ ಚೀಲ, ಕೈಪಿಡಿಯ ರಟ್ಟು, ಬಾಹ್ಯಾಕಾಶ ಉಡುಪಿನ ಕೊಳವೆ, ಅಂಟುಪಟ್ಟಿ. ಅವುಗಳಿಂದ ಕಟ್ಟಿದ ಸಾಧನದ ವಿವರವನ್ನು ರೇಡಿಯೋದಲ್ಲಿ ಹಂತಹಂತವಾಗಿ ಹೇಳಲಾಯಿತು. ಮೇಲಿದ್ದವರು ಕೇಳಿಸಿಕೊಂಡು ಕಟ್ಟಿದರು. ವಿಷಾನಿಲದ ಮಟ್ಟ ಇಳಿಯಿತು.

ಉಳಿದ ಕಷ್ಟಗಳು ಇಷ್ಟು ಪ್ರಸಿದ್ಧವಲ್ಲ, ಆದರೆ ಅಷ್ಟೇ ಬೋಧಪ್ರದ. ಸ್ಫೋಟದ ಚೂರುಗಳು ನೌಕೆಯ ಸುತ್ತ ಮಿನುಗುತ್ತ ನಕ್ಷತ್ರಗಳನ್ನು ಗುರುತಿಸಲಾಗದಂತೆ ಮಾಡಿದಾಗ ಸೂರ್ಯನನ್ನೇ ಗುರಿಯಾಗಿಸಿ ದಿಕ್ಕು ಪರೀಕ್ಷಿಸಿದರು. ಕುಡಿಯುವ ನೀರನ್ನು ತಲೆಗೆ ದಿನಕ್ಕೆ ಸುಮಾರು 200 ಮಿಲಿಲೀಟರಿಗೆ ಇಳಿಸಿದರು; ಅದೇ ನೀರು ಉಪಕರಣಗಳನ್ನು ತಂಪಾಗಿಡಲೂ ಬೇಕಿತ್ತು. ಮುಖ್ಯ ನೌಕೆಯೊಳಗಿನ ಉಷ್ಣತೆ ಸುಮಾರು 3 ಡಿಗ್ರಿ ಸೆಲ್ಸಿಯಸ್‌ಗೆ ಕುಸಿಯಿತು. ಪೂರ್ತಿ ಆರಿಸಿದ್ದ ಆ ನೌಕೆಯನ್ನು ಮತ್ತೆ ಎಬ್ಬಿಸುವ ಕ್ರಮವನ್ನು ಹೊಸದಾಗಿ ಬರೆಯಬೇಕಿತ್ತು. ಸಾಮಾನ್ಯವಾಗಿ ತಿಂಗಳುಗಟ್ಟಲೆ ಹಿಡಿಯುವ ಆ ಕೆಲಸವನ್ನು ಭೂಮಿಯಲ್ಲಿದ್ದ ಜಾನ್ ಆ್ಯರನ್, ಕೆನ್ ಮ್ಯಾಟಿಂಗ್ಲಿ ಮೊದಲಾದವರು ಕೆಲವೇ ದಿನಗಳಲ್ಲಿ ಮುಗಿಸಿದರು. ಅಕ್ವೇರಿಯಸ್‌ನಲ್ಲಿ ಗೆಳೆಯರು ಇದ್ದಾಗಲೇ ಅದನ್ನು ಕಳಚುವ ಗುಂಡಿಯನ್ನು ದಣಿವಿನಲ್ಲಿ ಒತ್ತಿಬಿಟ್ಟೇನೆಂದು ಹೆದರಿದ ಸ್ವಿಗರ್ಟ್ ಅದರ ಮೇಲೆ ಬೇಡವೆಂದು ಬರೆದ ಕಾಗದ ಅಂಟಿಸಿದ್ದ. ಏಪ್ರಿಲ್ 17ರಂದು ಮೂವರೂ ಪೆಸಿಫಿಕ್ ಸಾಗರಕ್ಕೆ ಇಳಿದರು.

ತನಿಖೆಯಲ್ಲಿ ಹೊರಬಿದ್ದ ಕಾರಣವನ್ನು ಕಥೆಗಾರ ಕಲ್ಪಿಸಿದ್ದರೆ ತೀರ ಸಪ್ಪೆಯೆನಿಸುತ್ತಿತ್ತು. ತೊಟ್ಟಿಯ ಹೀಟರಿನ ಥರ್ಮೋಸ್ಟಾಟ್ ಸ್ವಿಚ್ಚುಗಳು 28 ವೋಲ್ಟಿಗೆ ತಕ್ಕವು. ಉಡಾವಣಾ ಕೇಂದ್ರದ ವಿದ್ಯುತ್ತು 65 ವೋಲ್ಟಿನದು. ಪರೀಕ್ಷೆಯ ವೇಳೆ ಸ್ವಿಚ್ಚುಗಳು ಬೆಸೆದುಹೋಗಿ ಹೀಟರ್ ಆರದೆ ಉರಿಯಿತು, ತಂತಿಗಳ ಮೇಲಿನ ಟೆಫ್ಲಾನ್ ಹೊದಿಕೆ ಕೆಟ್ಟಿತು. ಬದಲಾದ ವೋಲ್ಟೇಜಿಗೆ ಸ್ವಿಚ್ಚುಗಳನ್ನೂ ಬದಲಿಸಬೇಕೆಂಬುದು ಯಾರ ಗಮನಕ್ಕೂ ಬಂದಿರಲಿಲ್ಲ. ಲವೆಲ್ ಮತ್ತು ಜೆಫ್ರಿ ಕ್ಲೂಗರ್ 1994ರಲ್ಲಿ ಬರೆದ ಪುಸ್ತಕವನ್ನು ಆಧರಿಸಿ ರಾನ್ ಹೋವರ್ಡ್ 1995ರಲ್ಲಿ ತೆಗೆದ ಸಿನಿಮಾ, ಮೇಜಿನ ಮೇಲೆ ಸಾಮಾನು ಸುರಿದು ಎಂಜಿನಿಯರುಗಳು ಯೋಚಿಸುವ ದೃಶ್ಯವನ್ನು ಜಗತ್ತಿನ ನೆನಪಿನಲ್ಲಿ ನೆಲೆಗೊಳಿಸಿತು. ಪ್ರೇಕ್ಷಕರಿಗೆ ಅಂತ್ಯ ಮೊದಲೇ ಗೊತ್ತಿತ್ತು. ಆದರೂ ಅವರು ಉಸಿರು ಬಿಗಿಹಿಡಿದು ಕೂತರು. ಉಳಿಯುತ್ತಾರೋ ಇಲ್ಲವೋ ಎಂಬುದಕ್ಕಿಂತ ಹೇಗೆ ಉಳಿದರು ಎಂಬ ಕುತೂಹಲ ಬಲವಾದದ್ದೆಂದು ಆ ಸಿನಿಮಾ ಸಾಬೀತು ಮಾಡಿತು.

ಸೋವಿಯತ್ ಮತ್ತು ರಷ್ಯದ ಅನುಭವ ಇದಕ್ಕೆ ಕಡಿಮೆಯದಲ್ಲ, ಪ್ರಚಾರ ಮಾತ್ರ ಕಡಿಮೆ. 1985ರ ಜೂನ್‌ನಲ್ಲಿ ವ್ಲಾದಿಮಿರ್ ಜಾನಿಬೆಕೋವ್ ಮತ್ತು ವಿಕ್ಟರ್ ಸವಿನಿಖ್ ವಿದ್ಯುತ್ತಿಲ್ಲದೆ ಹೆಪ್ಪುಗಟ್ಟಿದ್ದ ಸಲ್ಯೂತ್ 7 ನಿಲ್ದಾಣಕ್ಕೆ ಕೈಯಾರೆ ನೌಕೆ ಜೋಡಿಸಿ ಒಳಹೊಕ್ಕರು. ಬ್ಯಾಟರಿಗಳನ್ನು ಸೌರಫಲಕಗಳ ತಂತಿಗೆ ನೇರವಾಗಿ ಕಟ್ಟಿ, ಫಲಕಗಳು ಸೂರ್ಯನಿಗೆ ಮುಖ ಮಾಡುವಂತೆ ತಮ್ಮ ಸೊಯೂಜ್ ನೌಕೆಯ ಎಂಜಿನ್ನುಗಳಿಂದಲೇ ಇಡೀ ನಿಲ್ದಾಣವನ್ನು ತಿರುಗಿಸಿದರು. 1997ರ ಜೂನ್‌ನಲ್ಲಿ ಸರಕು ನೌಕೆ ಬಡಿದು ಮಿರ್ ನಿಲ್ದಾಣದ ಗಾಳಿ ಸೋರತೊಡಗಿದಾಗ, ಸಿಬ್ಬಂದಿ ಬಾಗಿಲಿಗೆ ಅಡ್ಡವಾಗಿದ್ದ ತಂತಿಗಳನ್ನು ಕಡಿದು ತೂತಾದ ಕೋಣೆಯನ್ನು ಮುಚ್ಚಿದರು. ನಿಲ್ದಾಣ ಯಾವ ವೇಗದಲ್ಲಿ ಉರುಳುತ್ತಿದೆ ಎಂಬುದನ್ನು ಸಿಬ್ಬಂದಿಯಲ್ಲೊಬ್ಬನಾದ ಮೈಕೇಲ್ ಫೋಲ್ ಕಿಟಕಿಯಲ್ಲಿ ಹೆಬ್ಬೆರಳು ಹಿಡಿದು ನಕ್ಷತ್ರಗಳ ಚಲನೆಗೆ ಹೋಲಿಸಿ ಅಂದಾಜು ಮಾಡಿದ.

ದಿ ಮಾರ್ಷಿಯನ್

ಈ ಪ್ರಕಾರವನ್ನು ಇಪ್ಪತ್ತೊಂದನೆಯ ಶತಮಾನದ ಸಾಮಾನ್ಯ ಓದುಗರ ಮನೆಗೆ ತಂದದ್ದು ಆ್ಯಂಡಿ ವಿಯರ್. ವೃತ್ತಿಯಿಂದ ಕಂಪ್ಯೂಟರ್ ಪ್ರೋಗ್ರಾಮರ್ ಆಗಿದ್ದ ಅವನು 2009ರಿಂದ ಈ ಕಾದಂಬರಿಯನ್ನು ತನ್ನ ಜಾಲತಾಣದಲ್ಲಿ ಕಂತುಕಂತಾಗಿ ಬರೆದ. ವಿಜ್ಞಾನ ಬಲ್ಲ ಓದುಗರು ತಪ್ಪು ಎತ್ತಿ ತೋರಿಸಿದಾಗ ತಿದ್ದಿಕೊಂಡ. 2011ರಲ್ಲಿ ತಾನೇ ಇ-ಪುಸ್ತಕವಾಗಿಸಿದ. 2014ರಲ್ಲಿ ದೊಡ್ಡ ಪ್ರಕಾಶಕರಿಂದ ಅಚ್ಚಾಯಿತು, 2015ರಲ್ಲಿ ರಿಡ್ಲಿ ಸ್ಕಾಟ್ ಅದನ್ನು ಸಿನಿಮಾ ಮಾಡಿದ.

ಮಂಗಳನ ಬಿರುಗಾಳಿಯಲ್ಲಿ ಸತ್ತನೆಂದು ಜೊತೆಗಾರರು ಬಿಟ್ಟುಹೋದ ಮಾರ್ಕ್ ವಾಟ್ನಿ ಸಸ್ಯವಿಜ್ಞಾನಿ ಮತ್ತು ಎಂಜಿನಿಯರ್. ಆರು ಜನರ ಊಟ ಒಬ್ಬನಿಗೆ ಉಳಿದಿದೆ: ಸುಮಾರು 300 ದಿನಕ್ಕೆ, ಅರೆಹೊಟ್ಟೆಯಲ್ಲಿದ್ದರೆ 400 ದಿನಕ್ಕೆ. ಮುಂದಿನ ನೌಕೆ ಬರಲು ಸುಮಾರು ನಾಲ್ಕು ವರ್ಷ ಬೇಕು. ತಿಂಗಳ ಕೊನೆಯವರೆಗೆ ಅಕ್ಕಿ ಸಾಲುವುದೋ ಎಂದು ಡಬ್ಬಿ ಇಣುಕಿ ನೋಡುವ ಮನೆಯೊಡತಿಗೆ ಈ ಲೆಕ್ಕ ತಟ್ಟನೆ ಅರ್ಥವಾಗುತ್ತದೆ. ಅದಕ್ಕೆ ರಾಕೆಟ್ ವಿಜ್ಞಾನ ಬೇಡ. ಅಂತರವನ್ನು ತುಂಬಲು ಆಲೂಗಡ್ಡೆ ಬೆಳೆಯಬೇಕು, ಅದಕ್ಕೆ ಮಣ್ಣು ಬೇಕು, ಮಣ್ಣಿಗೆ ನೀರು ಬೇಕು. ಉಳಿದ ರಾಕೆಟ್ ಇಂಧನ ಹೈಡ್ರಜೀನನ್ನು ಇರಿಡಿಯಂ ವೇಗವರ್ಧಕದ ಮೇಲೆ ಹರಿಸಿದರೆ ಸಾರಜನಕ ಮತ್ತು ಜಲಜನಕ ಬೇರಾಗುತ್ತವೆ. ಜಲಜನಕವನ್ನು ಸುಟ್ಟರೆ ನೀರು. ರಸಾಯನಶಾಸ್ತ್ರ ಸರಿ, ಆದರೂ ಸ್ಫೋಟವಾಗುತ್ತದೆ. ತಾನು ಬಿಡುವ ಉಸಿರಿನಲ್ಲೂ ಆಮ್ಲಜನಕ ಉಳಿದಿರುತ್ತದೆ ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಾದಂಬರಿಯ ಅತ್ಯುತ್ತಮ ಕ್ಷಣ ಇದು. ತಪ್ಪು ನಾಯಕನ ದಡ್ಡತನದಿಂದ ಬಂದದ್ದಲ್ಲ. ಓದುಗನೂ ಅದನ್ನು ಮರೆತಿದ್ದ.

ಸಂಪರ್ಕಕ್ಕಾಗಿ ಅವನು 1997ರಲ್ಲಿ ಮಂಗಳನ ಮೇಲೆ ನಿಜವಾಗಿ ಇಳಿದಿದ್ದ ಪಾತ್‌ಫೈಂಡರ್ ನೌಕೆಯನ್ನು ಅಗೆದು ತರುತ್ತಾನೆ. ಭೂಮಿಯವರು ಮಾಡಬಲ್ಲದ್ದು ಅದರ ಕ್ಯಾಮೆರಾವನ್ನು ತಿರುಗಿಸುವುದಷ್ಟೇ. ಇಂಗ್ಲಿಷಿನ 26 ಅಕ್ಷರಗಳನ್ನು ಸುತ್ತ ನಿಲ್ಲಿಸಿದರೆ ನಡುವಿನ ಕೋನ ತೀರ ಕಿರಿದು. ಕ್ಯಾಮೆರಾ ಯಾವುದನ್ನು ನೋಡುತ್ತಿದೆಯೆಂದು ಹೇಳಲಾಗದು. ಆದ್ದರಿಂದ ಕಂಪ್ಯೂಟರಿನ ಹದಿನಾರರ ಸಂಖ್ಯಾಪದ್ಧತಿಯ ಚಿಹ್ನೆಗಳನ್ನಷ್ಟೇ ನಿಲ್ಲಿಸಿ, ಎರಡು ಚಿಹ್ನೆಗೆ ಒಂದು ಅಕ್ಷರದಂತೆ ಓದುತ್ತಾನೆ. ಗಳಿಸಿದ್ದು ಉಳಿಯುವುದಿಲ್ಲ ಎಂಬುದೂ ಇಲ್ಲಿ ನಿಯಮ. ಒಂದೇ ಬಾಗಿಲನ್ನು ಪದೇ ಪದೇ ಬಳಸಿದ್ದರಿಂದ ಅವನ ವಾಸದ ಗುಡಾರದ ಸವೆದ ಬಟ್ಟೆ ಹರಿದು ಬೆಳೆಯೆಲ್ಲ ಹೆಪ್ಪುಗಟ್ಟಿ ಸಾಯುತ್ತದೆ. ಡ್ರಿಲ್ಲನ್ನು ಒರಗಿಸಿಟ್ಟ ಅಜಾಗರೂಕತೆಗೆ ಪಾತ್‌ಫೈಂಡರ್ ಸುಟ್ಟುಹೋಗುತ್ತದೆ.

ವಿಯರ್‌ನ 2021ರ ಪ್ರಾಜೆಕ್ಟ್ ಹೇಲ್ ಮೇರಿ ಕಲ್ಪನೆಗೆ ಹೆಚ್ಚು ಸಲಿಗೆ ಕೊಡುತ್ತದೆ, ಅನ್ಯಗ್ರಹ ಜೀವಿಯನ್ನೂ ತರುತ್ತದೆ. ಆದರೆ ನೆನಪು ಅಳಿಸಿಹೋಗಿ ಎಚ್ಚೆತ್ತ ನಾಯಕ ವಸ್ತು ಬೀಳುವ ಸಮಯವನ್ನು ಅಳೆದು, ಗುರುತ್ವ ಭೂಮಿಯದಕ್ಕಿಂತ ಹೆಚ್ಚೆಂದು ಕಂಡು, ತಾನು ಭೂಮಿಯ ಮೇಲಿಲ್ಲವೆಂದು ತೀರ್ಮಾನಿಸುವ ಆರಂಭ ಈ ಪ್ರಕಾರದ ಮಾದರಿ ಪುಟಗಳಲ್ಲೊಂದು.

ಆಕರ್ಷಣೆಯ ಬೇರು

ಭಯಕ್ಕೆ ಒಂದು ಸಂಖ್ಯೆ ಸಿಕ್ಕರೆ ಅದರ ಸ್ವರೂಪ ಬದಲಾಗುತ್ತದೆ. ಸಾಯುತ್ತೇನೆ ಎಂಬುದು ಭಯ. ಗಾಳಿ ಇನ್ನು 40 ಗಂಟೆಗೆ ಸಾಲುತ್ತದೆ ಎಂಬುದು ಕೆಲಸಕ್ಕೆ ಹಚ್ಚುವ ಮಾತು. ಈ ಕಥೆಗಳು ಓದುಗನನ್ನು ಮೊದಲನೆಯದರಿಂದ ಎರಡನೆಯದಕ್ಕೆ ಕರೆದೊಯ್ಯುತ್ತವೆ. ನಾಯಕನ ಮುಂದಿರುವ ಲೆಕ್ಕದ ಪುಸ್ತಕವೇ ಓದುಗನ ಮುಂದೂ ತೆರೆದಿರುವುದರಿಂದ ಅವನು ನೋಡುಗನಾಗಿ ಉಳಿಯದೆ ಪಾಲುದಾರನಾಗುತ್ತಾನೆ. ಪತ್ತೇದಾರಿ ಕಥೆಯಲ್ಲೂ ಸುಳಿವುಗಳಿರುತ್ತವೆ, ಆದರೆ ಅಲ್ಲಿ ಕೊಲೆಗಾರ ಯಾರೆಂದು ನಿರ್ಧರಿಸುವುದು ಲೇಖಕ. ಇಲ್ಲಿ ಹೈಡ್ರಜೀನ್ ಹೇಗೆ ವರ್ತಿಸಬೇಕೆಂದು ಲೇಖಕ ನಿರ್ಧರಿಸಲಾರ. ಪುಸ್ತಕ ಮುಚ್ಚಿದ ಮೇಲೂ ಆ ಉತ್ತರ ನಿಜವಾಗಿಯೇ ಉಳಿಯುತ್ತದೆ, ಯಾರು ಬೇಕಾದರೂ ಪರೀಕ್ಷಿಸಬಹುದು. ಬೇರೆ ಯಾವ ಸಾಹಸಕಥೆಯೂ ಓದುಗನಿಗೆ ಇಷ್ಟು ಸಮಾನತೆ ಕೊಡುವುದಿಲ್ಲ.

ವಸ್ತುವೊಂದನ್ನು ಅದರ ಹೆಸರಿನಿಂದ ಬಿಡಿಸಿ ನೋಡುವುದರಲ್ಲೂ ಸಂತೋಷವಿದೆ. ಕೈಪಿಡಿಯ ರಟ್ಟು ಗಾಳಿಯ ದಾರಿಯಾಗುವಾಗ, ಇಂಧನ ಕುಡಿಯುವ ನೀರಾಗುವಾಗ ಜಗತ್ತು ತಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಸಾಧ್ಯತೆಗಳಿಂದ ತುಂಬಿದೆ ಎಂಬ ಭರವಸೆ ಹುಟ್ಟುತ್ತದೆ. ಶಾಲೆಯಲ್ಲಿ ಅಂಕಕ್ಕಾಗಿ ಕಲಿತ ಪಾಠ ಒಬ್ಬನ ಪ್ರಾಣ ಉಳಿಸುವುದನ್ನು ಕಂಡಾಗ ಆ ಪಾಠದ ಮೇಲೆಯೇ ಗೌರವ ಮೂಡುತ್ತದೆ. ವಿಜ್ಞಾನದ ಮೇಷ್ಟ್ರುಗಳು ಈ ಕಥೆಗಳನ್ನು ತರಗತಿಗೆ ಒಯ್ಯಬೇಕು ಎನ್ನುವುದಕ್ಕೆ ಇಷ್ಟು ಕಾರಣ ಸಾಕು.

ಕೊರತೆಗಳು

ನಿಖರತೆಯನ್ನೇ ಹೆಗ್ಗಳಿಕೆ ಮಾಡಿಕೊಂಡ ಕೃತಿಗಳ ತಪ್ಪುಗಳನ್ನು ಓದುಗರೂ ನಿಖರವಾಗಿಯೇ ಹುಡುಕುತ್ತಾರೆ. ಮಂಗಳನ ವಾತಾವರಣದ ಒತ್ತಡ ಭೂಮಿಯದರ ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಅಲ್ಲಿನ ಬಿರುಗಾಳಿ ರಾಕೆಟ್ಟನ್ನು ಓಲಾಡಿಸಲಾರದು. ಇದನ್ನು ವಿಯರ್ ಒಪ್ಪಿಕೊಂಡಿದ್ದಾನೆ. ಫೀನಿಕ್ಸ್ ನೌಕೆ 2008ರಲ್ಲಿ ಮಂಗಳನ ಮಣ್ಣಿನಲ್ಲಿ ಕಂಡ ಪರ್ಕ್ಲೋರೇಟ್ ಎಂಬ ವಿಷಕಾರಿ ಲವಣ ವಾಟ್ನಿಯ ಹೊಲದಲ್ಲಿಲ್ಲ. 2013ರ ಗ್ರಾವಿಟಿ ಸಿನಿಮಾ ತೂಕರಹಿತ ಸ್ಥಿತಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು, ಏಳು ಆಸ್ಕರ್ ಗೆದ್ದಿತು. ಆದರೆ ಹಬಲ್ ದೂರದರ್ಶಕದಿಂದ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ತೇಲಿಹೋಗುವುದು ಆಗದ ಮಾತು. ಒಂದರ ಕಕ್ಷೆ ಸಮಭಾಜಕಕ್ಕೆ 28.5 ಡಿಗ್ರಿ ಓರೆ, ಇನ್ನೊಂದರದು 51.6 ಡಿಗ್ರಿ.

ಇವಕ್ಕಿಂತ ದೊಡ್ಡ ಕೊರತೆ ಮನಸ್ಸಿನ ಚಿತ್ರಣದ್ದು. ಸುಮಾರು ಒಂದೂವರೆ ವರ್ಷ ಒಂಟಿಯಾಗಿರುವ ವಾಟ್ನಿ ಕುಸಿಯುವುದೇ ಇಲ್ಲ, ತಮಾಷೆ ಬಿಡುವುದಿಲ್ಲ. ಸ್ವಿಗರ್ಟ್ ಅಂಟಿಸಿದ ಒಂದು ಚೂರು ಕಾಗದದಲ್ಲಿ ಇರುವ ಮನುಷ್ಯನ ದಣಿವು ಆ ಇಡೀ ಕಾದಂಬರಿಯಲ್ಲಿಲ್ಲ. ಒಬ್ಬನೇ ಜಾಣನ ಮೇಲೆ ಬೆಳಕು ಬೀರುವ ಅಭ್ಯಾಸವೂ ಸತ್ಯಕ್ಕೆ ದೂರ. ಅಪೊಲೊ 13ನ್ನು ಉಳಿಸಿದ್ದು ನೂರಾರು ಜನ, ಅವರಲ್ಲಿ ಹೆಚ್ಚಿನವರ ಹೆಸರು ಯಾವ ಪೋಸ್ಟರಿನಲ್ಲೂ ಬರಲಿಲ್ಲ.

ಭಾರತದಲ್ಲಿ

ಭಾರತೀಯ ಸಾಹಿತ್ಯದಲ್ಲಿ ಈ ಕವಲು ಇನ್ನೂ ತೆಳು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಗೆ ಓದುಗರನ್ನು ಗಳಿಸಿಕೊಟ್ಟರೂ, ಕೆಟ್ಟ ಯಂತ್ರದ ಮುಂದೆ ಲೆಕ್ಕ ಹಾಕುತ್ತ ಕೂರುವ ಕಾದಂಬರಿ ಒಂದು ಪರಂಪರೆಯಾಗಿ ಬೆಳೆದಿಲ್ಲ. ಸಾಮಗ್ರಿ ಮಾತ್ರ ನಮ್ಮ ನೆರೆಯಲ್ಲೇ ಇದೆ. 2013ರ ನವೆಂಬರ್ 5ರಂದು ಹೊರಟ ಇಸ್ರೋದ ಮಂಗಳಯಾನ ನೌಕೆಯನ್ನು ನಡೆಸಿದ್ದು ಬೆಂಗಳೂರಿನ ಪೀಣ್ಯದ ಇಸ್ಟ್ರ್ಯಾಕ್ ಕೇಂದ್ರದಿಂದ. ಅದರ ಮಾತು ಕೇಳಿಸಿಕೊಂಡದ್ದು ಬ್ಯಾಲಾಳಿನ 32 ಮೀಟರ್ ಆಂಟೆನಾ. ನೇರವಾಗಿ ಮಂಗಳಕ್ಕೆ ಎಸೆಯುವ ಕಸುವು ಪಿಎಸ್‌ಎಲ್‌ವಿ ರಾಕೆಟ್ಟಿಗೆ ಇಲ್ಲದ್ದರಿಂದ ಭೂಮಿಯ ಸುತ್ತ ಕಕ್ಷೆಯನ್ನು ಮೆಟ್ಟಿಲುಮೆಟ್ಟಿಲಾಗಿ ಎತ್ತರಿಸಿದರು. ನವೆಂಬರ್ 11ರ ಯತ್ನ ಒಂದು ಲಕ್ಷ ಕಿ.ಮೀ. ಗುರಿಯಿಟ್ಟು 78,276 ಕಿ.ಮೀ.ಗೆ ನಿಂತಿತು, ಮರುದಿನವೇ ಹೆಚ್ಚುವರಿ ಉರಿತದಿಂದ ಸರಿಪಡಿಸಿದರು. ಸುಮಾರು 300 ದಿನ ಮಲಗಿದ್ದ ಎಂಜಿನ್ ಮತ್ತೆ ಹೊತ್ತೀತೇ ಎಂದು ತಿಳಿಯಲು 2014ರ ಸೆಪ್ಟೆಂಬರ್ 22ರಂದು ಅದನ್ನು ಸುಮಾರು 4 ಸೆಕೆಂಡು ಉರಿಸಿ ನೋಡಿದರು. ಎರಡು ದಿನಗಳ ನಂತರ ನೌಕೆ ಮಂಗಳನ ಕಕ್ಷೆ ಸೇರಿತು. ಇದನ್ನು ಆಧರಿಸಿದ 2019ರ ಹಿಂದಿ ಸಿನಿಮಾ ಮಿಷನ್ ಮಂಗಲ್, ಒಲೆ ಆರಿಸಿದ ಮೇಲೂ ಬಿಸಿ ಎಣ್ಣೆಯಲ್ಲಿ ಪೂರಿ ಬೇಯುವ ದೃಶ್ಯದಿಂದ ಇಂಧನ ಉಳಿತಾಯವನ್ನು ವಿವರಿಸಿತು. ಜನರನ್ನು ಅದು ತಲುಪಿತು ನಿಜ, ಆದರೆ ಆ ನಾಲ್ಕು ಸೆಕೆಂಡುಗಳ ಪರೀಕ್ಷೆಯೊಳಗಿನ ಕಥೆಗೆ ಇನ್ನೂ ಒಳ್ಳೆಯ ಲೇಖಕ ಸಿಕ್ಕಿಲ್ಲ.

ಭಾರತದಾಚೆ, ಕಲ್ಪನೆಯ ಕೆಲವು ಉಪಾಯಗಳು ಈಗ ಪ್ರಯೋಗಶಾಲೆಯಿಂದ ಹೊರಬಿದ್ದಿವೆ. ವಾಟ್ನಿಯ ಮನೆಯಲ್ಲಿ ಮಂಗಳನ ಗಾಳಿಯಿಂದ ಆಮ್ಲಜನಕ ತೆಗೆಯುವ ಯಂತ್ರವೊಂದಿತ್ತು. ಅದರ ನಿಜವಾದ ಸಣ್ಣ ಮಾದರಿಯನ್ನು ಮಾಕ್ಸಿ ಎಂಬ ಹೆಸರಿನಲ್ಲಿ ನಾಸಾದ ಪರ್ಸಿವಿಯರೆನ್ಸ್ ವಾಹನ ಮಂಗಳಕ್ಕೆ ಒಯ್ದಿತು. 2021ರಿಂದ 2023ರವರೆಗೆ 16 ಬಾರಿ ಓಡಿದ ಮಾಕ್ಸಿ ಒಟ್ಟು 122 ಗ್ರಾಂ ಆಮ್ಲಜನಕ ತಯಾರಿಸಿತು. ಒಬ್ಬ ಗಗನಯಾತ್ರಿಗೆ ದಿನಕ್ಕೆ ಬೇಕಾಗುವುದು ಸುಮಾರು 840 ಗ್ರಾಂ.